ಮಾವನ ಆಟದ ಕ್ಯಾಸೆಟ್ಟುಗಳು ಮತ್ತು ಬೆಣ್ಣೆ ಹೆಸರಿನ ಫೈಲ್‌ಸಿಸ್ಟಮ್

ಕ್ಯಾಸೆಟ್ ನಂಬರ್ 17. ಒಂದು ಗಂಟೆ ಹನ್ನೆರಡು ನಿಮಿಷ ಆದ ಕೂಡಲೇ ಚಿತ್ರ ಒಡೆಯುತ್ತದೆ. ಹಸಿರು, ಗುಲಾಬಿ ಚೌಕಗಳು. ಎರಡು ಸೆಕೆಂಡ್ ಚೆಂಡೆಯ ಬದಲು ಕರಕರ ಸದ್ದು. ಆಮೇಲೆ ಏನೂ ಆಗದ ಹಾಗೆ ಯಕ್ಷಗಾನದ ಆಟ ಮುಂದುವರಿಯುತ್ತದೆ.

"ಇದು ಕ್ಯಾಸೆಟ್ಟಿನಲ್ಲಿ ಹೀಗೆ ಇರ್ಲಿಲ್ಲ ಮಾರಾಯ," ಅಂದರು ಮಾವ. "ನೀನು ಕಂಪ್ಯೂಟರಿಗೆ ಹಾಕಿದ ಮೇಲೆ ಆದದ್ದು."

ಅವರು ಹೇಳಿದ್ದು ಸರಿಯೇ ಇತ್ತು. ಕ್ಯಾಪ್ಚರ್ ಮಾಡಿದ ದಿನ ನಾವಿಬ್ಬರೂ ಕೂತು ಅದನ್ನು ಪೂರ್ತಿ ನೋಡಿದ್ದೆವು. ಆಗ ಸರಿ ಇತ್ತು. ಬ್ಯಾಕಪ್ ಡಿಸ್ಕ್ ತೆಗೆದು ಹಾಕಿದೆ. ಅದರಲ್ಲೂ ಅದೇ ಒಂದು ಗಂಟೆ ಹನ್ನೆರಡು ನಿಮಿಷ, ಅದೇ ಹಸಿರು ಚೌಕ. ಯಾಕೆಂದರೆ ಆ ಬ್ಯಾಕಪ್ಪನ್ನು ನಾನು ಹಾಳಾದ ಮೇಲೆ ತೆಗೆದದ್ದು. ಹಾಳಾಗಿದೆ ಅಂತ ನನಗೂ ಗೊತ್ತಿರಲಿಲ್ಲ, ಕಂಪ್ಯೂಟರಿಗೂ ಗೊತ್ತಿರಲಿಲ್ಲ.

ಸೋದರಮಾವ 1990ರ ದಶಕದಲ್ಲಿ ವಿಡಿಯೊ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಆಟಕ್ಕೆ ಹೋಗುತ್ತಿದ್ದವರು. ನವೆಂಬರಿನಲ್ಲಿ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ಅವರು ಮನೆಯಲ್ಲಿ ಸಿಗುವುದೇ ಅಪರೂಪ. ಒಂದು ರಾತ್ರಿಯ ಆಟಕ್ಕೆ ಮೂರು ನಾಲ್ಕು ವಿಎಚ್‌ಎಸ್ ಕ್ಯಾಸೆಟ್. ಹಾಗೆ ಉಳಿದದ್ದು ಸುಮಾರು 60 ಕ್ಯಾಸೆಟ್, 175 ಗಂಟೆಯ ಹತ್ತಿರ. ಉಡುಪಿಯ ಕಿನ್ನಿಮುಲ್ಕಿಯ ಅವರ ಮನೆಯ ಗೋದ್ರೇಜ್ ಕಪಾಟಿನಲ್ಲಿ ನುಸಿಗುಳಿಗೆಯ ವಾಸನೆಯ ಜೊತೆ ಕೂತಿದ್ದವು. ನಮ್ಮ ಕರಾವಳಿಯ ಮಳೆಗಾಲ ಟೇಪಿಗೆ ಎಂತ ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಬಿಳಿ ಬೂಷ್ಟು ಹತ್ತಲು ಶುರುವಾಗಿತ್ತು. ಎರಡು ವರ್ಷ ಶನಿವಾರ ಶನಿವಾರ ಕೂತು ಎಲ್ಲವನ್ನೂ ಹಳೇ ಡಿವಿ ಕ್ಯಾಮ್‌ಕಾರ್ಡರ್ ಮತ್ತು ಫೈರ್‌ವೈರ್ ಕಾರ್ಡ್ ಮೂಲಕ ಕಂಪ್ಯೂಟರಿಗೆ ಇಳಿಸಿದ್ದೆ. ಗಂಟೆಗೆ ಸುಮಾರು 13 ಜಿಬಿ. ಒಟ್ಟು 2.3 ಟಿಬಿ.

ಅದೆಲ್ಲ ಇದ್ದದ್ದು ಡೆಬಿಯನ್ ಲಿನಕ್ಸಿನ ಮೇಲೆ, ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ. ಫೈಲ್‌ಸಿಸ್ಟಮ್ ಅಂದರೆ ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿ ಉಂಟು ಅಂತ ಲೆಕ್ಕ ಇಡುವ ವ್ಯವಸ್ಥೆ. ಇಎಕ್ಸ್‌ಟಿ4 ಒಳ್ಳೆಯ ಹಳೇ ಎತ್ತು, ಅದನ್ನು ಬಯ್ಯುವುದಿಲ್ಲ. ಕರೆಂಟ್ ಹೋದರೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ) ನೋಡಿ ಎದ್ದು ನಿಲ್ಲುತ್ತದೆ. ಫೈಲಿನ ಹೆಸರು, ಅಳತೆ, ಜಾಗ ಇವುಗಳ ಲೆಕ್ಕಕ್ಕೆ ಚೆಕ್‌ಸಮ್, ಅಂದರೆ ಬರೆದದ್ದು ಬದಲಾದರೆ ತಾಳೆಯಾಗದ ಒಂದು ಸಂಖ್ಯೆ, ಇಡುತ್ತದೆ. ಆದರೆ ಫೈಲಿನ ಒಳಗೆ ಇರುವುದಕ್ಕೆ ಇಡುವುದಿಲ್ಲ. ಡಿಸ್ಕ್ ಕೊಟ್ಟದ್ದನ್ನು ನಂಬಿ ನಮಗೆ ದಾಟಿಸುತ್ತದೆ, ಅಷ್ಟೇ. ನನಗೆ ಬೇಕಾಗಿದ್ದದ್ದು "ಇದು ನೀನು ಕೊಟ್ಟದ್ದಲ್ಲ" ಅಂತ ಬಾಯಿ ಬಿಟ್ಟು ಹೇಳುವ ಫೈಲ್‌ಸಿಸ್ಟಮ್.

ಯಾವುದು ಹಾಕುವುದು

ಲಿನಕ್ಸಿನಲ್ಲಿ ಇದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಜೆಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನವರು ಸೊಲಾರಿಸ್‌ಗಾಗಿ ಮಾಡಿ 2005ರಲ್ಲಿ ಅದರ ಸೋರ್ಸ್ ತೆರೆದದ್ದು. ಗಟ್ಟಿ ಸಾಮಾನು. ಫ್ರೀಬಿಎಸ್‌ಡಿಯಲ್ಲಿ 2008ರ 7.0 ಆವೃತ್ತಿಯಿಂದ ಉಂಟು. ಆದರೆ ಅದರ ಲೈಸೆನ್ಸಿಗೂ ಲಿನಕ್ಸಿನ ತಿರುಳಾದ ಕರ್ನಲ್ಲಿನ ಜಿಪಿಎಲ್ ಲೈಸೆನ್ಸಿಗೂ ಹೊಂದಾಣಿಕೆ ಇಲ್ಲದ್ದರಿಂದ ಕರ್ನಲ್ ಒಳಗೆ ಸೇರಿಲ್ಲ. ಡೆಬಿಯನ್‌ನಲ್ಲಿ ಪ್ರತಿ ಕರ್ನಲ್ ಅಪ್‌ಡೇಟಿಗೂ ಮಾಡ್ಯೂಲ್ ಬೇರೆಯಾಗಿ ಕಂಪೈಲ್ ಆಗಬೇಕು. ನಾನು ಮಂಗಳೂರಿನಲ್ಲಿ ಇರುವವ. ಅಪ್‌ಡೇಟ್ ಆಗಿ ಡಿಸ್ಕ್ ಕಾಣದೆ ಹೋದರೆ ಮಾವ ಫೋನ್ ಮಾಡುವುದು ನನಗೆ.

ಇನ್ನೊಂದು ಬಟರ್‌ಎಫ್‌ಎಸ್. ಬರೆಯುವುದು ಬಿಟಿಆರ್‌ಎಫ್‌ಎಸ್ ಅಂತ, ಕರೆಯುವುದು ಒಬ್ಬೊಬ್ಬರು ಒಂದೊಂದು ಥರ. ಬೆಟರ್‌ಎಫ್‌ಎಸ್, ಬಿ-ಟ್ರೀ ಎಫ್‌ಎಸ್, ಬಟರ್‌ಎಫ್‌ಎಸ್. ಕೈಯಲ್ಲಿ ಕಡೆಗೋಲು ಹಿಡಿದ ಕೃಷ್ಣನ ಊರಲ್ಲಿ ಕೂತು ಬೇರೆ ಹೆಸರು ಹೇಳುವುದುಂಟಾ? "ಬೆಣ್ಣೆಯಾ?" ಅಂತ ಮಾವ ಕೇಳಿದರು. ಆವತ್ತಿನಿಂದ ಅವರ ಬಾಯಲ್ಲಿ ಅದು "ನಿನ್ನ ಬೆಣ್ಣೆ".

ಇದನ್ನು ಕ್ರಿಸ್ ಮೇಸನ್ 2007ರಲ್ಲಿ ಒರಾಕಲ್‌ನಲ್ಲಿದ್ದಾಗ ಶುರು ಮಾಡಿದರು. ಅದೇ ವರ್ಷ ಐಬಿಎಮ್‌ನ ಓಹದ್ ರೋದೆ ಕಾಪಿ-ಆನ್-ರೈಟ್‌ಗೆ ಒಗ್ಗುವ ಬಿ-ಟ್ರೀಗಳ (ಕವಲು ಕವಲಾಗಿ ಜೋಡಿಸಿದ ಪಟ್ಟಿಗಳ) ಬಗ್ಗೆ ಮಂಡಿಸಿದ ವಿಚಾರದ ಮೇಲೆ ಇದು ನಿಂತಿದೆ. 2009ರಲ್ಲಿ ಲಿನಕ್ಸ್ 2.6.29ರ ಜೊತೆ ಕರ್ನಲ್ ಒಳಗೆ ಬಂತು. ಆಮೇಲೆ ಏಳುಬೀಳು ಸುಮಾರು ಕಂಡಿತು. ಲಿನಕ್ಸ್ ಮಾರುವ ಸೂಸೆ ಕಂಪೆನಿಯವರು 2014ರ ತಮ್ಮ ಎಂಟರ್‌ಪ್ರೈಸ್ 12ರಲ್ಲಿ ಅದನ್ನೇ ಮೂಲ ಫೈಲ್‌ಸಿಸ್ಟಮ್ ಮಾಡಿದರು. ರೆಡ್ ಹ್ಯಾಟ್‌ನವರು ಎಂಟರ್‌ಪ್ರೈಸ್ 8ರಲ್ಲಿ ತೆಗೆದೇ ಹಾಕಿದರು. ಅವರೇ ಬೆನ್ನಿಗೆ ನಿಂತಿರುವ ಫೆಡೋರಾ 2020ರಲ್ಲಿ 33ನೇ ಆವೃತ್ತಿಯಿಂದ ಡೆಸ್ಕ್‌ಟಾಪಿಗೆ ಅದನ್ನೇ ಹಿಡಿಯಿತು. ಒಂದೇ ಮನೆಯಲ್ಲಿ ಅಣ್ಣನಿಗೆ ಬೇಡ, ತಮ್ಮನಿಗೆ ಬೇಕು.

ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವುದಕ್ಕೆ ರೈಡ್ ಅನ್ನುತ್ತಾರೆ. ಅದರಲ್ಲಿ ರೈಡ್ 5 ಮತ್ತು 6 ಬಟರ್‌ಎಫ್‌ಎಸ್‌ನಲ್ಲಿ ಇನ್ನೂ ನಂಬಿಕೆಗೆ ಬಂದಿಲ್ಲ. ಮಾಡಿದವರೇ ಬೇಡ ಅನ್ನುತ್ತಾರೆ. ನನಗೆ ಬೇಕಾದದ್ದು ರೈಡ್ 1, ಎರಡು ಡಿಸ್ಕಿನಲ್ಲಿ ಎರಡು ಪ್ರತಿ. ಅದಕ್ಕೆ ತೊಂದರೆ ಇಲ್ಲ.

ಕಾಪಿ-ಆನ್-ರೈಟ್ ಅಂದರೆ ಎಂತ ಅಂತ ಮಾವನಿಗೆ ಹೇಳಲು ಅವರದ್ದೇ ಕ್ಯಾಸೆಟ್ ಪಟ್ಟಿಯ ನೋಟ್‌ಬುಕ್ ತೆಗೆದುಕೊಂಡೆ. ಮಾಮೂಲಿ ಫೈಲ್‌ಸಿಸ್ಟಮ್ ಹಳೇ ಸಾಲನ್ನು ರಬ್ಬರಿನಲ್ಲಿ ಉಜ್ಜಿ ಅಲ್ಲೇ ಹೊಸದನ್ನು ಬರೆಯುತ್ತದೆ. ಉಜ್ಜಿ ಆದ ಮೇಲೆ, ಬರೆಯುವ ಮುಂಚೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇದು ಹಾಗಲ್ಲ. ಹಳೇ ಪುಟ ಮುಟ್ಟುವುದಿಲ್ಲ. ಖಾಲಿ ಪುಟದಲ್ಲಿ ಹೊಸದಾಗಿ ಬರೆಯುತ್ತದೆ. ಆ ಪುಟ ಎಲ್ಲಿ ಉಂಟು ಅಂತ ತೋರಿಸುವ ಪಟ್ಟಿಯನ್ನೂ ಬೇರೆ ಖಾಲಿ ಪುಟದಲ್ಲಿ ಬರೆಯುತ್ತದೆ. ಹಾಗೆ ಮೇಲೆ ಮೇಲೆ ಹೋಗಿ, ಕೊನೆಗೆ ರಟ್ಟಿನ ಮೇಲಿನ ಒಂದೇ ಒಂದು ಸಾಲು ಬದಲಾಯಿಸುತ್ತದೆ: ಇನ್ನು ಮುಂದೆ ಪಟ್ಟಿ ಇಲ್ಲಿಂದ ಓದಿ. ಆ ರಟ್ಟೇ ಸೂಪರ್‌ಬ್ಲಾಕ್. ಇದ್ದ ಜಾಗದಲ್ಲೇ ತಿದ್ದುವುದು ಅದೊಂದನ್ನೇ. ಅದಕ್ಕೂ ಡಿಸ್ಕಿನ ಶುರುವಿನಿಂದ 64 ಕೆಬಿ, 64 ಎಂಬಿ ಮತ್ತು 256 ಜಿಬಿ ದೂರದಲ್ಲಿ ನಕಲುಗಳಿವೆ. ರಟ್ಟು ಬದಲಾಗುವ ಮುಂಚೆ ಕರೆಂಟ್ ಹೋದರೆ ಹಳೇ ಪಟ್ಟಿ ಹಳೇ ಪುಟಗಳನ್ನು ತೋರಿಸುತ್ತಾ ಹಾಗೆಯೇ ಇರುತ್ತದೆ.

"ಹಾಗಾದ್ರೆ ಹಳೇ ಪುಟ ಯಾವಾಗ ಹರಿದು ಬಿಸಾಡುವುದು?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಬಿಸಾಡದೆ ಒಂದು ಹೆಸರು ಕೊಟ್ಟು ಇಟ್ಟುಕೊಂಡರೆ ಅದೇ ಸ್ನ್ಯಾಪ್‌ಶಾಟ್.

ಮೊದಲು ಸುಳ್ಳು ಡಿಸ್ಕಿನಲ್ಲಿ

ಮಿಷನ್ ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ. ನಾಲ್ಕನೇ ಜನರೇಶನ್ ಐ5, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ಸಿಸ್ಟಮ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ, ಡೆಬಿಯನ್ 12. ಹೊಸದಾಗಿ ತಂದದ್ದು 4 ಟಿಬಿಯ ಎರಡು ಹಾರ್ಡ್ ಡಿಸ್ಕ್. ಬೇರೆ ಬೇರೆ ಅಂಗಡಿಯಲ್ಲಿ, ಬೇರೆ ಬೇರೆ ಕಂಪೆನಿಯವು. ಒಂದೇ ಪೆಟ್ಟಿಗೆಯ ಅಕ್ಕತಂಗಿಯರು ಒಂದೇ ವಾರದಲ್ಲಿ ಕೈ ಕೊಟ್ಟ ಕತೆ ಬೇಕಾದಷ್ಟು ಕೇಳಿದ್ದೇನೆ.

ನಿಜವಾದ ಡಿಸ್ಕ್ ಮುಟ್ಟುವ ಮುಂಚೆ ಎಸ್‌ಎಸ್‌ಡಿಯಲ್ಲಿ 1 ಜಿಬಿಯ ಎರಡು ಖಾಲಿ ಫೈಲ್ ಮಾಡಿದೆ. ಅವನ್ನು ಲೂಪ್ ಡಿವೈಸ್ ಮಾಡಿ ಡಿಸ್ಕಿನಂತೆ ತೋರಿಸಿ, ಎರಡರ ಮೇಲೂ ಸೇರಿಸಿ ಬಟರ್‌ಎಫ್‌ಎಸ್ ರೈಡ್ 1 ಹಾಕಿದೆ. ಒಳಗೆ 600 ಎಂಬಿಯ ಒಂದು ವಿಡಿಯೊ. ಅದರ ಶಾ256, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಬರೆದಿಟ್ಟುಕೊಂಡೆ. ಅನ್‌ಮೌಂಟ್ ಮಾಡಿ (ಸಿಸ್ಟಮ್‌ನಿಂದ ಬಿಡಿಸಿ), ಒಂದು ಲೂಪ್ ಫೈಲಿನ 300 ಎಂಬಿ ಆದ ಮೇಲಿಂದ 50 ಎಂಬಿಯಷ್ಟು ಜಾಗಕ್ಕೆ ಡಿಡಿ ಕಮಾಂಡಿನಲ್ಲಿ ಸೊನ್ನೆ ಸುರಿದೆ. ಬೇಕೆಂದೇ ಹಾಳು ಮಾಡುವುದರಲ್ಲಿ ಒಂದು ಸುಖ ಉಂಟು.

ಮತ್ತೆ ಮೌಂಟ್ ಮಾಡಿ ವಿಡಿಯೊ ಓದಿಸಿದರೆ ಶಾ256 ಸರಿಯಾಗಿಯೇ ಬಂತು. ಒಂದೂ ಎಚ್ಚರಿಕೆ ಇಲ್ಲ. ಒಮ್ಮೆ ಗಾಬರಿಯಾಯಿತು. ಕಾರಣ ಇಷ್ಟೇ: ಎರಡು ಪ್ರತಿಗಳಲ್ಲಿ ಯಾವುದರಿಂದ ಓದುವುದು ಅಂತ ಅದು ಪ್ರೊಸೆಸ್ ನಂಬರ್ ನೋಡಿ ಆರಿಸುತ್ತದೆ. ಈ ಸಲ ಒಳ್ಳೆಯ ಪ್ರತಿಯ ಪಾಲಿಗೆ ಬಿದ್ದಿತ್ತು. ಇಟ್ಟದ್ದನ್ನೆಲ್ಲ ಓದಿ ಚೆಕ್‌ಸಮ್ ತಾಳೆ ನೋಡುವ ಸ್ಕ್ರಬ್ ಓಡಿಸಿದಾಗ ಅದು ಎರಡೂ ಪ್ರತಿ ಪೂರ್ತಿ ಓದಿತು. ಚೆಕ್‌ಸಮ್ ತಪ್ಪಿದ್ದು ಹನ್ನೆರಡು ಸಾವಿರ ಚಿಲ್ಲರೆ. 4 ಕೆಬಿಗೆ ಒಂದರಂತೆ 50 ಎಂಬಿಗೆ ಲೆಕ್ಕ ಸರಿ ಹೋಯಿತು. ಅಷ್ಟೂ ಸರಿಪಡಿಸಿದ್ದು, ಸರಿಪಡಿಸಲಾಗದ್ದು ಸೊನ್ನೆ. ಎರಡನೇ ಸ್ಕ್ರಬ್‌ನಲ್ಲಿ ಒಂದೂ ತಪ್ಪಿಲ್ಲ.

ಇದರಿಂದ ಒಂದು ವಿಷಯ ತಲೆಗೆ ಹೋಯಿತು. ಫೈಲ್ ಓಪನ್ ಆಗಿ ಆಡುತ್ತದೆ ಅಂತ ಎರಡೂ ಪ್ರತಿ ಸರಿ ಉಂಟು ಅಂತ ಅಲ್ಲ. ತಿಂಗಳಿಗೊಮ್ಮೆ ಸ್ಕ್ರಬ್ ಓಡಲೇಬೇಕು.

ನಿಜದ ಡಿಸ್ಕು, ನನ್ನ ತಪ್ಪು

ಮುಂದಿನ ಶನಿವಾರ ಡಿಸ್ಕ್ ಕೂರಿಸಿದೆ. ಫೈಲ್‌ಸಿಸ್ಟಮ್ ಮಾಡುವ ಕಮಾಂಡಿಗೆ ಎರಡೂ ಡಿಸ್ಕಿನ ಹೆಸರು ಕೊಟ್ಟೆ, ಲೇಬಲ್ "ಆಟ" ಅಂತ ಹಾಕಿದೆ. ಮೌಂಟ್ ಆಯಿತು. ಖಾಲಿ ಜಾಗ ನೋಡಿದರೆ ಎಂಟು ಟಿಬಿ ಹತ್ತಿರ! ಅರ್ಧ ನಿಮಿಷ ಖುಷಿಪಟ್ಟೆ. ಆಮೇಲೆ ಹೊಟ್ಟೆಯಲ್ಲಿ ತಣ್ಣಗಾಯಿತು. ಎರಡು ಪ್ರತಿ ಇಡುವುದಾದರೆ ನಾಲ್ಕೇ ಇರಬೇಕಲ್ಲ?

ಡೇಟಾಕ್ಕೆ ರೈಡ್ 1 ಅಂತ ಬೇರೆಯಾಗಿ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಹೇಳದಿದ್ದರೆ ಪಟ್ಟಿಗಳಿಗೆ, ಅಂದರೆ ಮೆಟಾಡೇಟಾಕ್ಕೆ ಮಾತ್ರ ಎರಡು ಪ್ರತಿ. ಒಳಗಿನ ಸರಕಿಗೆ ಒಂದೇ. ಹಾಗೇ ಬಿಟ್ಟಿದ್ದರೆ ತಪ್ಪು ಕಂಡುಹಿಡಿಯುತ್ತಿತ್ತು, ಸರಿ ಮಾಡಲು ಇನ್ನೊಂದು ಪ್ರತಿಯೇ ಇರುತ್ತಿರಲಿಲ್ಲ. ಪುಣ್ಯಕ್ಕೆ ಇನ್ನೂ ಖಾಲಿ ಇತ್ತು. ಬ್ಯಾಲೆನ್ಸ್ ಕಮಾಂಡಿನಲ್ಲಿ ಡೇಟಾವನ್ನು ರೈಡ್ 1ಕ್ಕೆ ಬದಲಾಯಿಸು ಅಂದೆ, ಕಣ್ಣು ಮುಚ್ಚಿ ಬಿಡುವುದರಲ್ಲಿ ಮುಗಿಯಿತು. ನೀವು ಮಾಡುವುದಾದರೆ ಮೌಂಟ್ ಆದ ಕೂಡಲೇ ಫೈಲ್‌ಸಿಸ್ಟಮ್ ಯೂಸೇಜ್ ಕಮಾಂಡ್ ಹಾಕಿ, ಡೇಟಾ ಸಾಲಿನಲ್ಲಿ ರೈಡ್ 1 ಅಂತ ಕಣ್ಣಾರೆ ಓದಿ.

ಇನ್ನು ತುಂಬಿಸುವ ಕೆಲಸ. ಹಳೇ ಡಿಸ್ಕಿನ ಪ್ರತಿ ಫೈಲಿಗೂ ಶಾ256 ಪಟ್ಟಿ ಮಾಡಿದೆ. ಅದಕ್ಕೇ ನಾಲ್ಕೂವರೆ ಗಂಟೆ. ರಾತ್ರಿ ಕಾಪಿಗೆ ಹಚ್ಚಿ ಮಲಗಿದೆ. ಬೆಳಿಗ್ಗೆ ಅತ್ತೆ ನೀರುದೋಸೆ ಹೊಯ್ಯುತ್ತಿದ್ದಾಗ ಹೊಸ ಡಿಸ್ಕಿನ ಮೇಲೆ ಅದೇ ಪಟ್ಟಿ ಇಟ್ಟು ತಾಳೆ ನೋಡಲು ಬಿಟ್ಟೆ.

ಮೂರು ಫೈಲ್ ಫೇಲ್.

ಎರಡು ಫೈಲುಗಳು ಓದಲೇ ಆಗಲಿಲ್ಲ. ಇನ್‌ಪುಟ್ ಔಟ್‌ಪುಟ್ ಎರರ್. ಮೂರನೆಯದು ಆರಾಮವಾಗಿ ಓದಿತು, ಆದರೆ ಶಾ256 ಬೇರೆ. ಸ್ಕ್ರಬ್ ಹಚ್ಚಿದೆ. ಐದೂವರೆ ಗಂಟೆ ಆದ ಮೇಲೆ ನೋಡಿದರೆ ಒಂದು ಡಿಸ್ಕಿನಲ್ಲಿ 11 ಚೆಕ್‌ಸಮ್ ತಪ್ಪು, ಇನ್ನೊಂದರಲ್ಲಿ 9. ಕೆಲವನ್ನು ಸರಿಪಡಿಸಿದೆ ಅಂದಿತು, ಕೆಲವು ಆಗುವುದಿಲ್ಲ ಅಂದಿತು.

ಮೊದಲು ಬಂದ ಯೋಚನೆ ಡಿಸ್ಕ್ ಕೆಟ್ಟಿದೆ ಅಂತ. ವಾರಂಟಿ ಕಾಗದ ಹುಡುಕಲು ಶುರು ಮಾಡಿದ್ದೆ. ಆದರೆ ಬೇರೆ ಬೇರೆ ಕಂಪೆನಿಯ ಎರಡು ಹೊಸ ಡಿಸ್ಕ್ ಒಂದೇ ರಾತ್ರಿ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಕೆಡುವುದುಂಟಾ? ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ರಿಪೋರ್ಟ್ ತೆಗೆದೆ. ಕೆಟ್ಟ ಸೆಕ್ಟರ್ ಸೊನ್ನೆ. ಕೇಬಲ್ ಸರಿ ಇಲ್ಲದಿದ್ದರೆ ಏರುವ ಸಿಆರ್‌ಸಿ ಲೆಕ್ಕವೂ ಸೊನ್ನೆ. ಬಟರ್‌ಎಫ್‌ಎಸ್‌ನ ಡಿವೈಸ್ ಸ್ಟ್ಯಾಟ್ಸ್‌ನಲ್ಲಿ ಓದುವ ತಪ್ಪು ಸೊನ್ನೆ, ಬರೆಯುವ ತಪ್ಪು ಸೊನ್ನೆ, ಕರಪ್ಷನ್ ಮಾತ್ರ ಉಂಟು. ಅಂದರೆ ಡಿಸ್ಕುಗಳು ಒಮ್ಮೆಯೂ ಆಗುವುದಿಲ್ಲ ಅಂದಿರಲಿಲ್ಲ. ಕೊಟ್ಟದ್ದನ್ನು ಇಟ್ಟುಕೊಂಡಿದ್ದವು, ಕೇಳಿದಾಗ ಕೊಟ್ಟಿದ್ದವು.

ಕರ್ನಲ್ ಲಾಗಿನಲ್ಲಿ ಉತ್ತರ ಕೂತಿತ್ತು. ಓದಲು ಆಗದ ಫೈಲಿಗೆ ಅದು ಎರಡು ಸಾಲು ಬರೆದಿತ್ತು. ಮಿರರ್ 1ರಲ್ಲಿ, ಅಂದರೆ ಒಂದನೇ ಪ್ರತಿಯಲ್ಲಿ, ಸಿಕ್ಕಿದ ಚೆಕ್‌ಸಮ್ ಇಂಥದ್ದು, ಇರಬೇಕಾದದ್ದು ಇಂಥದ್ದು. ಮಿರರ್ 2ರಲ್ಲಿ ಸಿಕ್ಕಿದ್ದು ಇಂಥದ್ದು, ಇರಬೇಕಾದದ್ದು ಇಂಥದ್ದು. ಆ ಎರಡು "ಸಿಕ್ಕಿದ್ದು" ಒಂದೇ. ಅಕ್ಷರಕ್ಕೆ ಅಕ್ಷರ ಒಂದೇ.

ಎರಡು ಡಿಸ್ಕ್ ತಮ್ಮಷ್ಟಕ್ಕೆ ಕೆಟ್ಟರೆ ಬೇರೆ ಬೇರೆ ಥರ ಕೆಡುತ್ತವೆ. ಒಂದೇ ಜಾಗದಲ್ಲಿ ಒಂದೇ ಥರ ಕೆಡಲು ಸಾಧ್ಯವೇ ಇಲ್ಲ. ಇಬ್ಬರು ಮಕ್ಕಳ ಉತ್ತರ ಪತ್ರಿಕೆಯಲ್ಲಿ ಒಂದೇ ತಪ್ಪು ಇದ್ದರೆ ಟೀಚರಿಗೆ ಗೊತ್ತಾಗುವುದಿಲ್ಲವಾ? ಇಬ್ಬರೂ ಒಂದೇ ಕಡೆಯಿಂದ ನೋಡಿ ಬರೆದಿದ್ದಾರೆ. ಇಲ್ಲಿ ಆ "ಒಂದೇ ಕಡೆ" ಅಂದರೆ ರ‍್ಯಾಮ್. ಚೆಕ್‌ಸಮ್ ಲೆಕ್ಕ ಹಾಕಿ ಆದ ಮೇಲೆ, ಡಿಸ್ಕಿಗೆ ಕಳಿಸುವ ಮುಂಚೆ, ರ‍್ಯಾಮಿನಲ್ಲಿ ಕೂತಿದ್ದ ಹೊತ್ತಿನಲ್ಲಿ ಬಿಟ್ ತಿರುಗಿದೆ, ಅಂದರೆ 0 ಇದ್ದದ್ದು 1 ಆಗಿದೆ, ಇಲ್ಲವೇ 1 ಇದ್ದದ್ದು 0. ಹಾಳಾದ ಅದೇ ಪುಟ ಎರಡೂ ಡಿಸ್ಕಿಗೆ ಹೋಗಿದೆ. ಸರಿಪಡಿಸಿದೆ ಅಂದ ತಪ್ಪುಗಳಿಗೂ ಉತ್ತರ ಸಿಕ್ಕಿತು. ಡಿಸ್ಕಿನಲ್ಲಿ ಸರಿಯಾಗಿಯೇ ಇತ್ತು, ಓದಿ ರ‍್ಯಾಮಿಗೆ ತಂದಾಗ ಹಾಳಾಯಿತು. ಇನ್ನೊಂದು ಪ್ರತಿ ಬೇರೆ ಜಾಗಕ್ಕೆ ಬಂದು ಸರಿ ಕಂಡಿತು.

ಮೂರನೇ ಫೈಲ್ ಇನ್ನೂ ಮಜ. ಹಳೇ ಡಿಸ್ಕಿನ ಮೂಲವನ್ನೂ ಹೊಸ ಪ್ರತಿಯನ್ನೂ ಬೈಟ್‌ಗೆ ಬೈಟ್ ಹೋಲಿಸಿದೆ. 38 ಜಿಬಿಯ ಫೈಲಿನಲ್ಲಿ ಬೇರೆ ಇದ್ದದ್ದು ಒಂದೇ ಒಂದು ಬೈಟ್. ಆಕ್ಟಲ್ (ಎಂಟರ ಆಧಾರದ) ಲೆಕ್ಕದಲ್ಲಿ 132 ಇರಬೇಕಾದ ಕಡೆ 172. ಎರಡನ್ನೂ ಬಿಟ್ ಬಿಟ್ ಬರೆದು ನೋಡಿದರೆ ವ್ಯತ್ಯಾಸ ಒಂದೇ ಬಿಟ್. ಇಲ್ಲಿ ಬಿಟ್ ತಿರುಗಿದ್ದು ಚೆಕ್‌ಸಮ್ ಹಾಕುವ ಮುಂಚೆ. ಬಟರ್‌ಎಫ್‌ಎಸ್ ಹಾಳಾದದ್ದಕ್ಕೇ ಶ್ರದ್ಧೆಯಿಂದ ಮುದ್ರೆ ಒತ್ತಿ ಇಟ್ಟಿದೆ. ಅದರ ಕೈಗೆ ಬರುವ ಮುಂಚೆ ಆದ ಮೋಸ ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನು ಹಿಡಿದದ್ದು ನನ್ನ ಶಾ256 ಪಟ್ಟಿ, ಬೆಣ್ಣೆ ಅಲ್ಲ. ಹಾಗಾಗಿ ದೊಡ್ಡ ಕಾಪಿ ಮಾಡುವಾಗ ಪಟ್ಟಿ ಬೇಕೇ ಬೇಕು. ಯಾರು ಎಷ್ಟೇ ಹೊಗಳಲಿ, ಫೈಲ್‌ಸಿಸ್ಟಮ್ ಒಂದನ್ನೇ ನಂಬಿ ಕೂರಬೇಡಿ.

ರ‍್ಯಾಮ್ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್86+ ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದೆ. ನಲವತ್ತು ನಿಮಿಷದ ಹೊತ್ತಿಗೆ ಸ್ಕ್ರೀನಿನಲ್ಲಿ ಕೆಂಪು. ಎರಡೂ ರ‍್ಯಾಮ್ ಕಿತ್ತು ನೋಡಿದರೆ ಒಂದರ ಚಿನ್ನದ ಬಣ್ಣದ ಕಾಲುಗಳು ಮಂಕಾಗಿ ಕಪ್ಪಾಗಿದ್ದವು. ಸಮುದ್ರದ ಗಾಳಿಯ ಊರಲ್ಲಿ ಇದು ಹೊಸತಲ್ಲ. ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲ ಉಜ್ಜಿ, ಬ್ರಷ್‌ನಲ್ಲಿ ಪುಡಿ ಕೊಡವಿ ಹಾಕಿದೆ. ನೂರರಲ್ಲಿ ಎಪ್ಪತ್ತು ಸಲ ಇಷ್ಟಕ್ಕೇ ಸರಿ ಹೋಗುತ್ತದೆ ಅನ್ನುವುದು ನನ್ನ ಅಂದಾಜು. ಈ ಸಲ ಹೋಗಲಿಲ್ಲ. ಒಂದೊಂದನ್ನೇ ಒಂದೊಂದು ಸ್ಲಾಟಿನಲ್ಲಿ ಹಾಕಿ ಓಡಿಸಿದೆ. ಒಂದು ಎಂಟು ಗಂಟೆ ಓಡಿದರೂ ಒಂದು ತಪ್ಪಿಲ್ಲ. ಇನ್ನೊಂದು ಯಾವ ಸ್ಲಾಟಿನಲ್ಲಿ ಹಾಕಿದರೂ ಇಪ್ಪತ್ತು ನಿಮಿಷದಲ್ಲಿ ಕೆಂಪು. ಕೆಟ್ಟದ್ದು ಸ್ಲಾಟ್ ಅಲ್ಲ, ಅದೇ ಕಡ್ಡಿ. ಹಂಪನಕಟ್ಟೆಯ ಕಡೆ ಹಳೇ ಪಾರ್ಟ್ಸ್ ಅಂಗಡಿಯಲ್ಲಿ ಬದಲಿ ಸಿಕ್ಕಿತು. ತಂದು ಅದನ್ನೂ ಒಂದು ರಾತ್ರಿ ಪೂರ್ತಿ ಮೆಮ್‌ಟೆಸ್ಟಿನಲ್ಲಿ ಬಿಟ್ಟೇ ನಂಬಿದ್ದು.

17ನೇ ಕ್ಯಾಸೆಟ್ಟಿನ ಆ ಎರಡು ಸೆಕೆಂಡಿಗೂ ಇದೇ ಕಾರಣವಾ ಅಂತ ಮಾವ ಕೇಳಿದರು. ಅಷ್ಟು ದೊಡ್ಡ ತುಂಡು ಒಂದೆರಡು ಬಿಟ್ ತಿರುಗಿ ಹಾಳಾಗುವಂಥದ್ದಲ್ಲ. ಯಾವಾಗ, ಹೇಗೆ ಹೋಯಿತು ಅಂತ ಬರೆದಿಟ್ಟವರು ಯಾರೂ ಇಲ್ಲ. ಅಂಥದ್ದೊಂದು ಬರೆದಿಡಲಿ ಅಂತಲೇ ಇಷ್ಟೆಲ್ಲ ಮಾಡಿದ್ದಲ್ವಾ?

ಕೆಟ್ಟ ರ‍್ಯಾಮಿನಲ್ಲಿ ಮಾಡಿದ ಫೈಲ್‌ಸಿಸ್ಟಮ್ ಹಾಗೇ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಮೆಟಾಡೇಟಾದಲ್ಲೂ ಬಿಟ್ ತಿರುಗಿರಬಹುದು. ಕರ್ನಲ್ 5.2ರಿಂದ ಬರೆಯುವ ಮುಂಚೆ ಪಟ್ಟಿಗಳನ್ನು ಒಮ್ಮೆ ಜಾಲಾಡುವ ಟ್ರೀ ಚೆಕರ್ ಉಂಟು, ಅಸಂಬದ್ಧ ಕಂಡರೆ ಬರೆಯುವುದನ್ನೇ ನಿಲ್ಲಿಸುತ್ತದೆ. ಆದರೂ ಎಲ್ಲವನ್ನೂ ಹಿಡಿಯುವುದಿಲ್ಲ. ಪೂರ್ತಿ ಅಳಿಸಿ, ಈ ಸಲ ಡೇಟಾಕ್ಕೂ ಮೆಟಾಡೇಟಾಕ್ಕೂ ರೈಡ್ 1 ಅಂತ ಹೇಳಿ ಹೊಸದಾಗಿ ಮಾಡಿದೆ. ಶಾ256 ಪಟ್ಟಿಯನ್ನೂ ಹೊಸದಾಗಿ ಮಾಡಿದೆ, ಹಳೆಯದು ಅದೇ ರ‍್ಯಾಮಿನಲ್ಲಿ ಆದದ್ದಲ್ಲವಾ. ಮತ್ತೆ ಒಂದು ರಾತ್ರಿ ಕಾಪಿ, ಮತ್ತೆ ತಾಳೆ, ಮತ್ತೆ ಸ್ಕ್ರಬ್. ತಪ್ಪು ಸೊನ್ನೆ.

ಮೇ ತಿಂಗಳ ಸಿಡಿಲು

ಆ ವಾರವೇ ಪರೀಕ್ಷೆ ಬಂತು. ಮಳೆಗಾಲದ ಮುಂಚಿನ ಸಂಜೆ, ಗುಡುಗು ಸಿಡಿಲು. 17ನೇ ಕ್ಯಾಸೆಟ್ಟನ್ನು ಮತ್ತೆ ಕ್ಯಾಪ್ಚರ್ ಮಾಡುತ್ತಿದ್ದೆ. ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳತು, ಮೂರು ಸಲ ಕೂಗಿ ಅದೂ ಮಲಗಿತು.

ಕರೆಂಟ್ ಬಂದ ಮೇಲೆ ಬೂಟ್ ಮಾಡಿದರೆ ಫೈಲ್‌ಸಿಸ್ಟಮ್ ತಕರಾರಿಲ್ಲದೆ ಮೌಂಟ್ ಆಯಿತು. ಎಫ್‌ಎಸ್‌ಸಿಕೆ ಅನ್ನುವ ತಪಾಸಣೆ ಇಲ್ಲ, ಕಾಯುವುದಿಲ್ಲ. ಕ್ಯಾಪ್ಚರ್ ಫೈಲಿನ ಕೊನೆಯ ಸ್ವಲ್ಪ ಹೊತ್ತಿನದ್ದು ಇರಲಿಲ್ಲ. ಅದು ಸಹಜ. ಮೂವತ್ತು ಸೆಕೆಂಡಿಗೊಮ್ಮೆ ರಟ್ಟು ಬದಲಾಯಿಸುವುದು ಅದರ ಮಾಮೂಲಿ ಅಭ್ಯಾಸ. ಇದೆಲ್ಲ ನಡೆಯಬೇಕಾದರೆ ಡಿಸ್ಕ್ ಮಾತಿಗೆ ತಪ್ಪಬಾರದು. ಬರೆದಾಯಿತು ಅಂದರೆ ನಿಜವಾಗಿ ಬರೆದಿರಬೇಕು. ಕೆಲವು ಅಗ್ಗದ ಯುಎಸ್‌ಬಿ ಡಬ್ಬಿಗಳು ಬರೆಯುವ ಮುಂಚೆಯೇ ಆಯಿತು ಅಂದುಬಿಡುತ್ತವೆ. ಆಗ ಹೊಸ ರಟ್ಟು ತೋರಿಸುವ ಪುಟದಲ್ಲಿ ಏನೂ ಇರುವುದಿಲ್ಲ, ಫೈಲ್‌ಸಿಸ್ಟಮ್ ಏಳುವುದೇ ಇಲ್ಲ. ಹಾಗಾಗಿ ಈ ಎರಡು ಡಿಸ್ಕನ್ನು ಯುಎಸ್‌ಬಿಗೆ ಹಾಕದೆ ಒಳಗೇ ಸಾಟಾಗೆ ಹಾಕಿದ್ದು.

ಒಂದು ಡಿಸ್ಕ್ ಸತ್ತರೆ ಎಂತ ಆಗುತ್ತದೆ ಅಂತಲೂ ನೋಡಿದೆ. ಪಿಸಿ ಆಫ್ ಮಾಡಿ ಒಂದರ ಕೇಬಲ್ ಕಿತ್ತೆ. ಮೌಂಟ್ ಆಗುವುದಿಲ್ಲ ಅಂದಿತು. ಗಾಬರಿ ಬೇಡ, ಅದು ಹಾಗೆಯೇ. ಡಿಗ್ರೇಡೆಡ್ ಅಂತ ನಾವೇ ಬಾಯಿ ಬಿಟ್ಟು ಹೇಳಿದರೆ ಮಾತ್ರ ಒಂದೇ ಡಿಸ್ಕಿನಲ್ಲಿ ಏಳುತ್ತದೆ. ಮೌಂಟ್ ಸಾಲಿನಲ್ಲಿ ನೋಫೇಲ್ ಕೂಡ ಹಾಕಿಟ್ಟಿದ್ದೇನೆ, ಇಲ್ಲದಿದ್ದರೆ ಡಿಸ್ಕ್ ಸಿಗದೆ ಇಡೀ ಪಿಸಿ ಬೂಟ್ ಆಗದೆ ಕೂರುತ್ತದೆ. ಕೇಬಲ್ ಮತ್ತೆ ಹಾಕಿದ ಮೇಲೆ ಸ್ಕ್ರಬ್ ಮರೆಯಬಾರದು. ಹೊರಗಿದ್ದ ಡಿಸ್ಕಿಗೆ ನಡುವೆ ಆದದ್ದು ಗೊತ್ತಿರುವುದಿಲ್ಲ.

ಸಣ್ಣ ಪುಟ್ಟದ್ದು

ಝಡ್‌ಎಸ್‌ಟಿಡಿ ಕಂಪ್ರೆಷನ್ ಹಾಕಿದ್ದೇನೆ. ಡಿವಿ ವಿಡಿಯೊಗೆ ಅದರಿಂದ ಏನೂ ಲಾಭವಿಲ್ಲ. ಮಾವ ಸ್ಕ್ಯಾನ್ ಮಾಡಿದ ಹಳೇ ಕರಪತ್ರಗಳ ದೊಡ್ಡ ಟಿಫ್ ಫೈಲುಗಳಿಗೆ ಲಾಭ ಉಂಟು. ವರ್ಚುವಲ್ ಮಿಷನ್, ಡೇಟಾಬೇಸ್ ಥರದ, ನಡು ನಡುವೆ ತಿದ್ದುತ್ತಲೇ ಇರುವ ಫೈಲುಗಳು ಕಾಪಿ-ಆನ್-ರೈಟ್‌ನಲ್ಲಿ ಚೂರು ಚೂರಾಗಿ ಹರಡುತ್ತವೆ. ಅಂಥ ಫೋಲ್ಡರಿಗೆ ಅದನ್ನು ನಿಲ್ಲಿಸಬಹುದು, ಆದರೆ ಅದರ ಜೊತೆಗೆ ಚೆಕ್‌ಸಮ್ ಕೂಡ ಹೋಗುತ್ತದೆ. ನನಗೆ ಬೇಕಾಗಲಿಲ್ಲ.

ಸ್ನ್ಯಾಪ್‌ಶಾಟ್ ದಿನಕ್ಕೊಂದು, ಓದಲು ಮಾತ್ರ. ಜೂನಿನಲ್ಲಿ ಮಾವ ಬೇಡದ್ದು ಅಂತ ಒಂದು ಫೋಲ್ಡರ್ ಅಳಿಸಿದರು. ಬೇಕಾದದ್ದೇ ಆಗಿತ್ತು. ಹಿಂದಿನ ದಿನದ ಸ್ನ್ಯಾಪ್‌ಶಾಟಿನಿಂದ ಐದು ನಿಮಿಷದಲ್ಲಿ ತಂದು ಕೊಟ್ಟೆ. ಇದರ ಇನ್ನೊಂದು ಮುಖವೂ ಉಂಟು. ನಿಜವಾಗಿ ಬೇಡದ 200 ಜಿಬಿ ಅಳಿಸಿದಾಗ ಜಾಗ ಒಂದಿಷ್ಟೂ ಜಾಸ್ತಿ ಆಗಲಿಲ್ಲ. "ನಿನ್ನ ಬೆಣ್ಣೆ ತಿಂದದ್ದು ಕಕ್ಕುವುದಿಲ್ಲ," ಅಂದರು. ಹಳೇ ಸ್ನ್ಯಾಪ್‌ಶಾಟುಗಳು ಹಿಡಿದುಕೊಂಡಿದ್ದವು. ಅವನ್ನು ತೆಗೆದ ಮೇಲೆ ಜಾಗ ಬಂತು.

ರೈಡ್ 1 ಬ್ಯಾಕಪ್ ಅಲ್ಲ. ಮನೆಗೆ ಸಿಡಿಲು ಬಡಿದರೆ ಎರಡು ಡಿಸ್ಕೂ ಒಟ್ಟಿಗೇ ಹೋಗುತ್ತವೆ. ಮೂರನೆಯದೊಂದು ಡಿಸ್ಕಿಗೆ ಸೆಂಡ್-ರಿಸೀವ್‌ನಲ್ಲಿ ಕಳಿಸುತ್ತೇನೆ. ಹಿಂದಿನ ಸ್ನ್ಯಾಪ್‌ಶಾಟನ್ನು ತಾಯಿ ಅಂತ ತೋರಿಸಿದರೆ ಅದರ ನಂತರ ಬದಲಾದದ್ದು ಮಾತ್ರ ಹೋಗುತ್ತದೆ. ಮೊದಲ ಸಲ ಒಂದು ರಾತ್ರಿ ಹಿಡಿಯಿತು, ಈಗ ಕಾಫಿ ಕುಡಿಯುವುದರಲ್ಲಿ ಮುಗಿಯುತ್ತದೆ. ಆ ಡಿಸ್ಕ್ ಬಟ್ಟೆಯಲ್ಲಿ ಸುತ್ತಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನನ್ನ ಜೊತೆ ಮಂಗಳೂರಿಗೆ ಬರುತ್ತದೆ, ತಿಂಗಳಿಗೊಮ್ಮೆ ಉಡುಪಿಗೆ ಹೋಗುತ್ತದೆ.

ಒಂದು ಬಿಟ್ ತಿರುಗಿದ ಆ ಫೈಲಿನ ಹಾಳು ಪ್ರತಿಯನ್ನು ಅಳಿಸದೆ ಬೇರೆ ಇಟ್ಟಿದ್ದೆ. ಡಿವಿಯಲ್ಲಿ ಒಂದೊಂದು ಫ್ರೇಮ್ ಸರಿಯಾಗಿ 1,44,000 ಬೈಟ್, ಸೆಕೆಂಡಿಗೆ 25 ಫ್ರೇಮ್. ಹಾಗಾಗಿ ತಪ್ಪಿದ ಬೈಟ್ ಎಷ್ಟನೆಯದು ಅಂತ ಗೊತ್ತಿದ್ದರೆ ಯಾವ ಹೊತ್ತಿಗೆ ಅಂತ ಭಾಗಾಕಾರ ಮಾಡಿ ಹೇಳಬಹುದು. ನನ್ನದು 21,98,76,51,108ನೇ ಬೈಟ್. ಲೆಕ್ಕ ಹಾಕಿದರೆ ಒಂದು ಗಂಟೆ 41 ನಿಮಿಷ 47 ಸೆಕೆಂಡ್ ಆಗಿ ಸ್ವಲ್ಪ. ಜುಲೈಯ ಒಂದು ರಾತ್ರಿ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಮಾವನನ್ನು ಕೂರಿಸಿ ಅದೇ ಜಾಗಕ್ಕೆ ತಂದು ಒಂದೊಂದೇ ಫ್ರೇಮ್ ಓಡಿಸಿದೆ. ವೇಷಧಾರಿ ತಲೆಗೆ ಕಟ್ಟಿದ ಕೇದಗೆ ಮುಂದಲೆಯ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಚೌಕ, ಬಣ್ಣ ಒಂಚೂರು ಬೇರೆ. ಮುಂದಿನ ಫ್ರೇಮಿನಲ್ಲಿ ಇಲ್ಲ.

"ನೋಡಿ ಮಾವ, ಇದೇ."

"ಎಂತದು?"

ಮೂರು ಸಲ ತೋರಿಸಿದೆ. ಅವರಿಗೆ ಕಾಣಲಿಲ್ಲ. ನಾಲ್ಕನೇ ಸಲ ರಿಮೋಟ್ ಕಸಿದುಕೊಂಡು, ಸ್ವಲ್ಪ ಹಿಂದೆ ಹೋಗಿ ಮಾಮೂಲಿ ವೇಗದಲ್ಲಿ ಬಿಟ್ಟರು. ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ ಕೂತರು. ನನ್ನ ಚೌಕ ಬಂದು ಹೋಯಿತು. ಅದಾಗಿ ಎಂಟು ಹತ್ತು ಸೆಕೆಂಡಿಗೆ ಬೆರಳು ನಿಂತಿತು.

"ಇಲ್ಲಿ ಉಂಟು ನೋಡು. ಇಲ್ಲಿ ಹಾಳಾಗಿದೆ."

ಹಿಂದೆ ತಂದು ಕೇಳಿದೆ. ಮೂಲದ ಫೈಲ್ ತೆಗೆದು ಅಲ್ಲೂ ಕೇಳಿದೆ. ಎರಡೂ ಒಂದೇ. ಆ ರಾತ್ರಿ ಚೆಂಡೆಯವರೇ ಒಂದು ಪೆಟ್ಟು ಬಿಟ್ಟಿದ್ದರು.